ಸೂಪಕ್ಕನ ಮೂಗು

ಜ್ವರ ಬಿಟ್ಟ ನಾಲ್ಕನೆಯ ದಿನ ಸೂಪಕ್ಕ ಸ್ವೆಟರಿನ ಮೇಲೆ ಏಪ್ರನ್ ಬಿಗಿದುಕೊಂಡು ಒಲೆಯ ಮುಂದೆ ನಿಂತಳು. ಬಾಣಲೆಗೆ ಆಲಿವ್ ಎಣ್ಣೆ ಸುರಿದು, ಜಜ್ಜಿದ ಬೆಳ್ಳುಳ್ಳಿ ಹಾಕಿ, ಅಭ್ಯಾಸದಂತೆ ಒಲೆಗೆ ಬೆನ್ನು ಮಾಡಿ ಟೊಮೇಟೊ ಹೆಚ್ಚತೊಡಗಿದಳು. ಬೆಳ್ಳುಳ್ಳಿ ಹದಕ್ಕೆ ಬಂದ ಕೂಡಲೇ ಅದರ ಘಮವೇ ಬಂದು ಅವಳನ್ನು ಕರೆಯುತ್ತಿತ್ತು. ಮೂವತ್ತೈದು ವರ್ಷಗಳಿಂದ ಹಾಗೇ ನಡೆದುಕೊಂಡು ಬಂದಿತ್ತು. ಅವತ್ತು ಕರೆ ಬರಲಿಲ್ಲ. ಆರು ಟೊಮೇಟೊ ಹೆಚ್ಚಿ ಮುಗಿಸಿ ತಿರುಗಿದರೆ ಬಾಣಲೆಯಿಂದ ಹೊಗೆ ಏಳುತ್ತಿತ್ತು, ಬೆಳ್ಳುಳ್ಳಿ ಇದ್ದಿಲಾಗಿತ್ತು.

ಅವಳು ಒಲೆ ಆರಿಸಿ ಹೊಗೆಯೊಳಗೇ ಮುಖ ಇಟ್ಟಳು. ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ವಾಸನೆ ಮಾತ್ರ ಬರಲಿಲ್ಲ. ಬೇಸಿಲ್ ಎಲೆಯೊಂದನ್ನು ಉಜ್ಜಿ ಮೂಗಿಗೆ ಹಿಡಿದಳು; ಕಾಗದ ಉಜ್ಜಿದ ಹಾಗಿತ್ತು. ವಿನಿಗರ್ ಬಾಟಲಿ ತೆರೆದಳು, ಕಾಫಿಪುಡಿಯ ಡಬ್ಬಿ ತೆರೆದಳು, ಕಿತ್ತಳೆ ಸಿಪ್ಪೆ ಹಿಂಡಿದಳು. ಕೊನೆಗೆ ಬಾಗಿಲ ಬಳಿ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗಂಡನ ಕೆಲಸದ ಶೂ ಎತ್ತಿ ಮೂಸಿದಳು. ಅದರಲ್ಲೂ ಏನೂ ಇರಲಿಲ್ಲ. ಆ ಶೂ ತನ್ನ ಇರವನ್ನು ಇಡೀ ಮಹಡಿಗೆ ಸಾರುವಂಥದ್ದು.

ಸೂಪಕ್ಕ ಅವಳ ನಿಜವಾದ ಹೆಸರಲ್ಲ. ಬೀದಿಯವರು ಇಟ್ಟ ಹೆಸರು, ಅದೇ ನಿಂತುಬಿಟ್ಟಿತ್ತು. ಇಪ್ಪತ್ತನೇ ವಯಸ್ಸಿನಲ್ಲಿ ಅವಳು ಒಬ್ಬ ವಯಸ್ಸಾದ ಹೆಂಗಸಿನ ಮನೆಗೆ ಅಡುಗೆಗೆ ಸೇರಿದ್ದಳು. ದೊಡ್ಡಮ್ಮ ಎಂದೇ ಅವರನ್ನು ಕರೆಯುತ್ತಿದ್ದಳು. ಹಡಗು ಕಂಪನಿಯಲ್ಲಿದ್ದ ಗಂಡನ ಜೊತೆ ದೊಡ್ಡಮ್ಮ ಹರೆಯದಲ್ಲಿ ಇಟಲಿಯಲ್ಲಿ ಒಂಬತ್ತು ಚಳಿಗಾಲ ಕಳೆದವರು. ಅಲ್ಲಿಂದ ಅವರು ತಂದದ್ದು ಎರಡು ಸೂಟ್‌ಕೇಸು ಮತ್ತು ಅಲ್ಲಿನ ಮನೆಗಳ ಚಳಿಗಾಲದ ಅಡುಗೆ. ಚಿಕ್ಕ ಪಾಸ್ತಾ ಹಾಕಿದ ಬೀನ್ಸ್ ಕಾಳಿನ ಸೂಪು, ಪದರ ಪದರವಾಗಿ ಜೋಡಿಸಿ ಬೇಯಿಸುವ ಲಸಾನ್ಯ, ಬೆರಳಿನಿಂದ ಗುಳಿ ಒತ್ತಿ ಎಣ್ಣೆ ಹನಿಸುವ ದಪ್ಪ ಬ್ರೆಡ್ಡು, ಎರಡು ಸಲ ಬೇಯಿಸಿ ಕಲ್ಲಿನಂತೆ ಗಟ್ಟಿ ಮಾಡುವ ಬಾದಾಮಿ ಬಿಸ್ಕತ್ತು. ಎಲ್ಲವನ್ನೂ ಅವರು ಸೂಪಕ್ಕನಿಗೆ ಧಾರೆ ಎರೆದರು, ಅಳತೆಯೊಂದನ್ನು ಬಿಟ್ಟು. "ಉಪ್ಪು ಎಷ್ಟು ದೊಡ್ಡಮ್ಮ?" ಎಂದರೆ ಸೌಟಿನ ತುದಿಯನ್ನು ಅವಳ ಮೂಗಿನ ಹತ್ತಿರ ತಂದು, "ನನ್ನನ್ಯಾಕೆ ಕೇಳ್ತೀಯ, ಇದನ್ನ ಕೇಳು" ಎನ್ನುತ್ತಿದ್ದರು.

ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ದೊಡ್ಡ ಓವನ್ ಸೂಪಕ್ಕನ ಪಾಲಿಗೆ ಬಂತು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಹದಿನಾಲ್ಕು ಅಂತಸ್ತಿನ ಆಫೀಸುಗಳಲ್ಲೆಲ್ಲ ಲಿಫ್ಟ್ ಓಡಿಸುವ ಆ ಮನುಷ್ಯನ ಸ್ವಂತ ಮನೆಯಿದ್ದ ಕಟ್ಟಡದಲ್ಲಿ ಲಿಫ್ಟೇ ಇರಲಿಲ್ಲ. ಇಬ್ಬರು ಗೆಳೆಯರ ಜೊತೆ ಆ ಓವನ್ನನ್ನು ಮೂರನೆಯ ಮಹಡಿಗೆ ಹೊತ್ತು ತಂದು ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದ್ದ. ಅಂದಿನಿಂದ ಚಳಿಗಾಲದ ನಾಲ್ಕು ತಿಂಗಳು ಸೂಪಕ್ಕ ಅಕ್ಕಪಕ್ಕದ ಬೀದಿಗಳ ಹದಿನೆಂಟು ಮನೆಗಳಿಗೆ ಸಂಜೆಯ ಊಟ ಕಳಿಸುತ್ತಿದ್ದಳು. ಕೆಲಸ ಮುಗಿಸಿ ಕೈಬೆರಳು ಮರಗಟ್ಟಿಕೊಂಡು ಬರುವವರು ಅವಳ ಡಬ್ಬಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು.

ಆ ಹದಿನೆಂಟು ಮನೆಗೂ ಈಗ ಏನು ಹೇಳುವುದು? ಮೂಗು ಹೋದ ಅಡುಗೆಯವಳ ಕೈಯಿಂದ ಯಾರು ಉಣ್ಣುತ್ತಾರೆ? ನಾಳೆಯೋ ನಾಡಿದ್ದೋ ಸರಿಹೋಗಬಹುದು, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಎಂದು ಅವಳು ತೀರ್ಮಾನಿಸಿದಳು. ಸುಟ್ಟ ಬೆಳ್ಳುಳ್ಳಿಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತಳ್ಳಿದಳು.

ನಾಳೆ ನಾಡಿದ್ದು ಕಳೆದು ಎರಡು ವಾರವಾಯಿತು. ನಾಲಿಗೆಯೂ ಅರ್ಧ ಸತ್ತಿತ್ತು. ಉಪ್ಪು ಹುಳಿಗಳು ಯಾರೋ ಪಕ್ಕದ ಮನೆಯಲ್ಲಿ ಮಾತಾಡಿದಷ್ಟು ಮಂಕಾಗಿ ತಿಳಿಯುತ್ತಿದ್ದವು. ಅವಳು ಯಾರಿಗೂ ಹೇಳದೆ ಕಿವಿ-ಮೂಗಿನ ಡಾಕ್ಟರ ಬಳಿ ಹೋಗಿ ಬಂದಳು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಕೆಲವರಿಗೆ ತಿಂಗಳಲ್ಲಿ ಬರುತ್ತೆ, ಕೆಲವರಿಗೆ ವರ್ಷ ಹಿಡಿಯುತ್ತೆ" ಎಂದರು.

"ಇನ್ನು ಕೆಲವರಿಗೆ?" ಎಂದಳು ಸೂಪಕ್ಕ.

ಡಾಕ್ಟರು ಚೀಟಿ ಬರೆಯುವುದರಲ್ಲಿ ಮುಳುಗಿದ್ದರು.

ಅವಳು ಕಣ್ಣು ಕಿವಿಗಳನ್ನೇ ನೆಚ್ಚಿ ಅಡುಗೆ ಮಾಡತೊಡಗಿದಳು. ಬೆಳ್ಳುಳ್ಳಿ ಹಾಕಿ ಮೂವತ್ತರವರೆಗೆ ಎಣಿಸುವುದು. ಈರುಳ್ಳಿಯ ಚಟಪಟ ಸದ್ದು ಇಳಿದು ಪಿಸುಗುಟ್ಟಲು ಶುರುವಾದರೆ ಬೆಂದಿತೆಂದು ತಿಳಿಯುವುದು. ಉಪ್ಪಿಗೆ ಮೊದಲ ಸಲ ಚಮಚ ಬಂತು. ಬಿಳಿ ಸಾಸಿಗೆ ಜಾಯಿಕಾಯಿ ತುರಿಯುವಾಗ ಹನ್ನೆರಡು ಸಲ ಉಜ್ಜಿ ನಿಲ್ಲಿಸುತ್ತಿದ್ದಳು. ಒಂಬತ್ತೋ ಹತ್ತೋ ಎಂದು ಅನುಮಾನ ಬಂದರೆ ಕೈಯೇ ಓಡುತ್ತಿರಲಿಲ್ಲ. ಹಾಲು ಕಾಯಿಸುವ ಮುನ್ನ ಗ್ಲಾಸಿಗೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ದಿನ ಕಿಟಕಿಯ ಸಂದಿಯಿಂದ ನುಗ್ಗಿದ ಗಾಳಿಗೆ ಉರಿ ಆರಿಹೋಗಿದ್ದು ಗೊತ್ತಾಗದೆ ಲಟ್ಟಣಿಗೆ ಹಿಡಿದು ಪಾಸ್ತಾ ಹಾಳೆ ಲಟ್ಟಿಸುತ್ತಲೇ ಇದ್ದಳು. ಊಟಕ್ಕೆ ಬಂದ ಗಂಡ ಹೊಸ್ತಿಲಲ್ಲೇ ನಿಂತು, ಓಡಿಹೋಗಿ ಕಿಟಕಿಗಳನ್ನೆಲ್ಲ ತೆರೆದ.

"ಏನಿದು, ಮನೆ ತುಂಬಾ ಗ್ಯಾಸು?"

"ಈಗ ತಾನೇ ಹಚ್ಚೋಕೆ ಹೋದೆ ರೀ, ಲೈಟರ್ ಕೈಕೊಡ್ತು" ಎಂದು ಸುಳ್ಳು ಹೇಳಿದಳು. ಅಂದಿನಿಂದ ಎರಡೆರಡು ನಿಮಿಷಕ್ಕೆ ಬಗ್ಗಿ ಉರಿ ನೋಡುವ ರೋಗ ಅಂಟಿಕೊಂಡಿತು.

ರುಚಿ ನೋಡಲು ಮನೆಯಲ್ಲಿದ್ದವರು ಇಬ್ಬರು. ಗಂಡನನ್ನು ಕೇಳುವುದೂ ಒಂದೇ, ಗೋಡೆಯನ್ನು ಕೇಳುವುದೂ ಒಂದೇ. ಮದುವೆಯಾದ ಮರುದಿನದಿಂದ ಅವನು ಎಲ್ಲದಕ್ಕೂ "ಚೆನ್ನಾಗಿದೆ" ಎಂದೇ ಹೇಳಿಕೊಂಡು ಬಂದವನು. ಇನ್ನೊಬ್ಬಳು ಅವನ ತಂಗಿ. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಜನರ ಮಾತಿಗೆ ಮಾತು ಜೋಡಿಸಿ ನಿವೃತ್ತಳಾಗಿ, ಮದುವೆಯ ಗೊಡವೆಗೆ ಹೋಗದೆ, ಅಣ್ಣನ ಮನೆಯ ಬೀದಿಬದಿಯ ಕೋಣೆಯಲ್ಲಿದ್ದಳು. ಈ ನಾದಿನಿಗೆ ಸೂಪಕ್ಕನ ಅಡುಗೆಯಲ್ಲಿ ತಪ್ಪು ಕಾಣದ ದಿನವೇ ಇರಲಿಲ್ಲ. "ಅತ್ತಿಗೆ, ರೋಸ್ಮರಿ ಸೊಪ್ಪು ಸ್ವಲ್ಪ ಜಾಸ್ತಿ ಆಯ್ತು." "ಅತ್ತಿಗೆ, ಈ ಚೀಸು ಹೋದ ವಾರದ್ದಲ್ವಾ?" ಇಂಥವಳ ಮುಂದೆ ಗುಟ್ಟು ಬಿಟ್ಟುಕೊಡುವುದುಂಟೇ? ಸೂಪಕ್ಕ ಅವಳ ತಟ್ಟೆಯತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ವಿಚಿತ್ರವೆಂದರೆ ಆ ಎರಡು ವಾರ ನಾದಿನಿ ತುಟಿ ಪಿಟಿಕ್ಕೆನ್ನದೆ ಉಂಡು ಎದ್ದು ಹೋಗುತ್ತಿದ್ದಳು. ಅದನ್ನು ನೋಡಿ ಸೂಪಕ್ಕನಿಗೆ ಸಮಾಧಾನವಾಗಲಿಲ್ಲ.

ಹೀಗಿರುವಾಗ ಔಷಧಿ ಅಂಗಡಿಯವಳಿಂದ ಫೋನು ಬಂತು. ಹಿಂದಿನ ಬೀದಿಯ ಮೂಲೆಯಲ್ಲಿ ಅವಳ ಅಂಗಡಿ, ಮೇಲೆ ಮನೆ. ಗಡಿಯಾರ ರಿಪೇರಿ ಮಾಡುತ್ತಿದ್ದ ಅವಳ ಅಪ್ಪ ಹೊಟ್ಟೆಯ ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ಬಂದಿದ್ದರು.

"ಅಕ್ಕ, ಎಂಟು ದಿನದಿಂದ ಅಪ್ಪ ಎರಡು ತುತ್ತು ತಿಂದಿಲ್ಲ. ಇವತ್ತು ಬಾಯಿಬಿಟ್ಟು ಕೇಳಿದ್ರು, ಸೂಪಕ್ಕನ ಬೀನ್ಸ್ ಸೂಪು ಬೇಕಂತೆ. ನುಣ್ಣಗೆ ಅರೆದು ಕೊಡಬಹುದು ಅಂದಿದಾರೆ ಡಾಕ್ಟರು. ನಾಳೆ ಮಧ್ಯಾಹ್ನಕ್ಕೆ ಆಗುತ್ತಾ?"

ಆಗುವುದಿಲ್ಲ ಎಂದುಬಿಡಬೇಕಿತ್ತು. ಆದರೆ ಏನೆಂದು ಕಾರಣ ಕೊಡುವುದು? "ಅಯ್ಯೋ, ಅದಕ್ಕೇನಂತೆ" ಎಂಬ ಮಾತು ತಾನಾಗಿ ಬಾಯಿಂದ ಬಿತ್ತು.

ಅವತ್ತು ಸಂಜೆಯೇ ಕಾಳು ಬೇಯಿಸಿಟ್ಟಳು. ಫ್ರಿಜ್ ತುಂಬ ಮರುದಿನದ ಲಸಾನ್ಯದ ಟ್ರೇಗಳು, ಬೆರಳು ತೂರಿಸಲೂ ಜಾಗವಿರಲಿಲ್ಲ. ಚಳಿಗಾಲ ತಾನೇ ಎಂದು ಕಾಳಿನ ಪಾತ್ರೆಯನ್ನು ಒಲೆಯ ಮೇಲೇ ಮುಚ್ಚಿಟ್ಟಳು. ಓವನ್ ಬಹಳ ಹೊತ್ತು ಉರಿದಿದ್ದರಿಂದ ಅಡುಗೆಮನೆ ಬೆಚ್ಚಗಿತ್ತು ಎಂಬುದು ಅವಳ ಗಮನಕ್ಕೆ ಬರಲಿಲ್ಲ. ಬೇರೆ ವರ್ಷಗಳಲ್ಲೂ ಹೀಗೆ ಇಟ್ಟದ್ದುಂಟು. ಆಗ ಬೆಳಗ್ಗೆ ಮುಚ್ಚಳ ತೆಗೆದ ಕ್ಷಣವೇ ಮೂಗು ತೀರ್ಪು ಕೊಡುತ್ತಿತ್ತು.

ಬೆಳಗ್ಗೆ ಮುಚ್ಚಳ ತೆಗೆದಳು. ನೀರಿನ ಅಂಚಿನಲ್ಲಿ ನಾಲ್ಕೈದು ಸಣ್ಣ ಗುಳ್ಳೆಗಳಿದ್ದವು. ಕಾಳು ಬೆಂದ ನೀರಲ್ಲಿ ನೊರೆ ಇರುವುದು ಸಹಜ. ಒಂದು ಕಾಳನ್ನು ಬಾಯಿಗೆ ಹಾಕಿದಳು, ಮೆತ್ತಗಿತ್ತು, ಅಷ್ಟೇ. ಗಂಡ ಶೂ ಕಟ್ಟಿಕೊಳ್ಳುತ್ತಿದ್ದ. ಚಮಚದಲ್ಲಿ ಒಯ್ದು ಕೊಟ್ಟಳು.

"ಚೆನ್ನಾಗಿದೆ" ಎಂದ ಅವನು, ಇನ್ನೊಂದು ಶೂ ಹುಡುಕುತ್ತಾ.

ಅರೆದು, ಟೊಮೇಟೊ ಹಾಕಿ, ಕುದಿಸಿ, ಅವಳು ಸೂಪನ್ನು ಸ್ಟೀಲ್ ಕ್ಯಾನಿಗೆ ತುಂಬಿದಳು. ದಾರಿಯುದ್ದಕ್ಕೂ ಮನಸ್ಸು ಒಂದೇ ಸಮನೆ ಕುಟುಕುತ್ತಿತ್ತು. ಬಸ್ ನಿಲ್ದಾಣದ ಹತ್ತಿರ ನಿಂತು ಮುಚ್ಚಳ ತೆರೆದು ನೋಡಿದಳು. ಆವಿ ಬಂದು ಕನ್ನಡಕ ಮುಚ್ಚಿಕೊಂಡಿತು. ಹಿಂದಕ್ಕೆ ಹೋಗಲೇ ಎಂದು ಎರಡು ಹೆಜ್ಜೆ ತಿರುಗಿದಳು. ಅಷ್ಟರಲ್ಲಿ ಅಂಗಡಿಯ ಗಾಜಿನ ಹಿಂದಿನಿಂದ ಔಷಧಿ ಅಂಗಡಿಯವಳು ಕೈ ಬೀಸಿ ಓಡಿಬಂದಳು. ಕ್ಯಾನು ಕೈ ಬದಲಾಯಿತು.

"ನಿಮ್ಮ ಋಣ ಹೇಗೆ ತೀರಿಸೋದಕ್ಕ? ಬೆಳಗ್ಗೆಯಿಂದ ಅಪ್ಪ ದಾರಿ ಕಾಯ್ತಿದಾರೆ."

ಸೂಪಕ್ಕ ಮನೆಗೆ ಬಂದು ಮೂರು ಮಹಡಿ ಹತ್ತಿ, ಶಾಲು ತೆಗೆದು ಚಪ್ಪಲಿ ಬದಲಿಸಿ ಒಳಗೆ ಹೋದರೆ ನಾದಿನಿ ಅಡುಗೆಮನೆಯಲ್ಲಿ, ಮೂಗಿಗೆ ಸೆರಗು ಹಿಡಿದು, ಸೂಪು ಮಾಡಿದ ಪಾತ್ರೆಯ ಮುಂದೆ ನಿಂತಿದ್ದಳು.

"ಅತ್ತಿಗೆ, ಹಳಸಿದ್ದನ್ನ ಇನ್ನೂ ಚೆಲ್ಲಿಲ್ವಾ? ನನ್ನ ಕೋಣೆವರೆಗೂ ಬರ್ತಿದೆ ಹುಳಿ ನಾತ."

ಸೂಪಕ್ಕ ಬಂದ ದಾರಿಯಲ್ಲೇ ಇಳಿದು ಓಡಿದಳು. ಕಾಲಲ್ಲಿ ಮನೆಯೊಳಗಿನ ಉಣ್ಣೆಯ ಚಪ್ಪಲಿ, ಮೈಮೇಲೆ ಶಾಲಿಲ್ಲ. ಬೀದಿಯಲ್ಲಿ ತಣ್ಣನೆ ಗಾಳಿ ಎದೆಗೆ ಕುಕ್ಕುತ್ತಿತ್ತು. ಹೊಟ್ಟೆ ಹೊಲಿದು ಎರಡು ವಾರವೂ ಆಗದ ಮುದುಕ. ಇಷ್ಟು ಹೊತ್ತಿಗೆ ಬಟ್ಟಲಿಗೆ ಹಾಕಿರುತ್ತಾರೆ. ಇಷ್ಟು ಹೊತ್ತಿಗೆ ಊದುತ್ತಿರುತ್ತಾರೆ. ದೊಡ್ಡ ರಸ್ತೆಯ ದೀಪ ಕೆಂಪಾಗಿದ್ದರೂ ದಾಟಿದಳು. ಒಬ್ಬ ಬಸ್ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಬೈದದ್ದು ಅರ್ಧ ಕೇಳಿಸಿತು. ಅಂಗಡಿಯ ಪಕ್ಕದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಅರೆತೆರೆದ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು.

ಮುದುಕ ದಿಂಬಿಗೆ ಒರಗಿ ಕೂತಿದ್ದರು. ಕುತ್ತಿಗೆಗೆ ಟವೆಲ್ಲು, ಕೈಯಲ್ಲಿ ಚಮಚ, ಚಮಚ ಬಾಯಿಯ ಹತ್ತಿರ.

"ಬೇಡ!" ಎಂದು ಕಿರುಚಿ ಸೂಪಕ್ಕ ಬಟ್ಟಲನ್ನು ಕಿತ್ತುಕೊಂಡಳು. ಬಿಸಿ ಸೂಪು ಅವಳ ಮಣಿಕಟ್ಟಿನ ಮೇಲೆ ಚೆಲ್ಲಿತು. "ಎಷ್ಟು ಕುಡಿದ್ರಿ? ಹೇಳಿ, ಎಷ್ಟು ಚಮಚ?"

"ಇನ್ನೂ ಶುರುನೇ ಮಾಡಿಲ್ವಲ್ಲಮ್ಮ" ಎಂದರು ಮುದುಕ ಕಕ್ಕಾಬಿಕ್ಕಿಯಾಗಿ. "ಎಂಟು ದಿನ ಆದ್ಮೇಲೆ ಇವತ್ತು ಹಸಿವಾಗಿತ್ತು. ಬಡಿಸಿದವಳೇ ಕಿತ್ಕೊಂಡ್ಲಲ್ಲ!"

ಸದ್ದು ಕೇಳಿ ಮಗಳು ಒಳಗಿನಿಂದ ಬಂದಳು. ಸೂಪಕ್ಕ ಏದುಸಿರು ಬಿಡುತ್ತಾ ನಿಂತಲ್ಲೇ ಎಲ್ಲ ಹೇಳಿಬಿಟ್ಟಳು: ಜ್ವರ, ಮೂಗು, ಡಾಕ್ಟರು, ರಾತ್ರಿ ಒಲೆಯ ಮೇಲೆ ಉಳಿದ ಪಾತ್ರೆ. ಔಷಧಿ ಅಂಗಡಿಯವಳು ಬಟ್ಟಲನ್ನು ಮೂಗಿನ ಹತ್ತಿರ ತಂದುಕೊಂಡಳು. ಟೊಮೇಟೊದ ಹುಳಿಯ ಅಡಿಯಲ್ಲಿ ಬೇರೆ ಹುಳಿಯೊಂದು ಅಡಗಿರುವುದು ಹುಡುಕಿದ ಮೇಲೆ ಅವಳಿಗೂ ತಿಳಿಯಿತು. ಅವಳು ಕೂಗಾಡಲಿಲ್ಲ. ಕ್ಯಾನಿನಲ್ಲಿದ್ದದ್ದನ್ನು ಸಿಂಕಿಗೆ ಸುರಿದು, ತೊಳೆದು, ಒರೆಸಿ, ಸೂಪಕ್ಕನ ಕೈಗಿಟ್ಟಳು.

"ಔಷಧಿ ಮಾರೋಳು ನಾನು. ಒಂದು ಮಾತ್ರೆ ಹಳೇದಾದ್ರೂ ಕೊಡಲ್ಲ. ನೀವು ನನಗೆ ಹೇಳಬೇಕಿತ್ತು ಅಕ್ಕ."

"ಹೇಳಬೇಕಿತ್ತು" ಎಂದಳು ಸೂಪಕ್ಕ.

ಕೆಳಗೆ ಮೆಟ್ಟಿಲ ಬುಡದಲ್ಲಿ ನಾದಿನಿ ಸೂಪಕ್ಕನ ಶಾಲು ಹಿಡಿದು ನಿಂತಿದ್ದಳು. ನೋಯುವ ಮಂಡಿ ಎಳೆದುಕೊಂಡು ಹಿಂದೆಯೇ ಬಂದಿದ್ದಳು. ಇಬ್ಬರೂ ಮನೆಯತ್ತ ನಡೆದರು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ ಸೂಪಕ್ಕ ಇನ್ನೊಮ್ಮೆ ಎಲ್ಲವನ್ನೂ ಹೇಳಿದಳು.

"ಹಾಗಾದ್ರೆ ಆ ಉಪ್ಪು?" ಎಂದಳು ನಾದಿನಿ.

"ಯಾವ ಉಪ್ಪು?"

"ಎರಡು ವಾರದಿಂದ ಸಮುದ್ರದ ನೀರು ಕುಡಿಸ್ತಿದ್ದೀರಲ್ಲ ಅತ್ತಿಗೆ. ನನ್ನ ಮೇಲಿನ ಸಿಟ್ಟಿಗೆ ಸುರೀತಿದ್ದೀರಿ ಅಂದ್ಕೊಂಡಿದ್ದೆ. ಬಾಯಿ ಬಿಟ್ರೆ ಇನ್ನೂ ಸುರೀತಾರೆ ಅಂತ ಸುಮ್ಮನಿದ್ದೆ."

ಸೂಪಕ್ಕನಿಗೆ ನಗು ಬಂತು, ನಗು ಅರ್ಧಕ್ಕೇ ಅಳುವಾಯಿತು. "ಹದಿನೆಂಟು ಮನೆಗೂ ಅದೇ ಹೋಗಿದೆ ಕಣೆ" ಎಂದಳು.

ಮರುದಿನದಿಂದ ಅವಳು ಒಂದೊಂದೇ ಮನೆಯ ಬಾಗಿಲು ಬಡಿದಳು. ಹೇಳುವುದು ಮೊದಲ ಮನೆಯಲ್ಲಿ ಎಷ್ಟು ಕಷ್ಟವಾಯಿತೋ ಕೊನೆಯ ಮನೆಯಲ್ಲೂ ಅಷ್ಟೇ ಕಷ್ಟವಾಯಿತು. ಕೆಲವರು ಪಾಪ ಎಂದರು. ಇಸ್ತ್ರಿ ಅಂಗಡಿಯವನು, "ಅದಕ್ಕೇ ನನ್ನ ಹೆಂಡತಿ ಬಿಪಿ ಮಾತ್ರೆ ಹೆಚ್ಚು ಮಾಡಿಕೊಂಡಿದ್ದು" ಎಂದ. ತಮಾಷೆಗೋ ನಿಜಕ್ಕೋ ತಿಳಿಯದೆ ಅವಳು ಎರಡು ದಿನ ಕೊರಗಿದಳು. ಏಳು ಮನೆಯವರು, ಮೂಗು ಸರಿಯಾದ ಮೇಲೆ ನೋಡೋಣ ಎಂದು ನಯವಾಗಿ ಬಾಗಿಲು ಮುಚ್ಚಿದರು. ಔಷಧಿ ಅಂಗಡಿಯವಳೂ ಅವರಲ್ಲಿ ಒಬ್ಬಳು.

ಉಳಿದ ಹನ್ನೊಂದು ಮನೆಗೆ ಅಡುಗೆ ನಡೆಯಿತು. ನಾದಿನಿ ಒಂದು ಕುರ್ಚಿ ತಂದು ಅಡುಗೆಮನೆಯ ಬಾಗಿಲಲ್ಲಿ ಹಾಕಿಕೊಂಡಳು. ಟೆಲಿಫೋನ್ ಕಚೇರಿಯ ಗತ್ತು ಅವಳಿಗೆ ಮರಳಿ ಬಂದಂತಿತ್ತು. ಕಣ್ಣು ಮುಚ್ಚಿ ಕೂತು, "ಬರ್ತಾ ಇದೆ... ಬರ್ತಾ ಇದೆ... ಬಂತು, ಟೊಮೇಟೊ ಹಾಕಿ!" ಎಂದು ಬೆಳ್ಳುಳ್ಳಿಯ ಸುದ್ದಿ ಕೊಡುತ್ತಿದ್ದಳು. ಹಾಲು, ಚೀಸು, ಕಾಳು, ಎಲ್ಲವೂ ಮೊದಲು ಅವಳ ಮೂಗಿನ ಕೆಳಗೆ ಹಾದು ಬರಬೇಕು. ಜಗಳಕ್ಕೇನೂ ಬರವಿರಲಿಲ್ಲ. ಬ್ರೆಡ್ಡಿಗೆ ರೋಸ್ಮರಿ ಬೇಡವೇ ಬೇಡ ಎಂದು ನಾದಿನಿ, ನಿನ್ನ ಮೂಗು ಕೇಳಿದೆನೇ ಹೊರತು ನಿನ್ನ ಅಭಿಪ್ರಾಯವನ್ನಲ್ಲ ಎಂದು ಸೂಪಕ್ಕ. ಮಧ್ಯೆ ಸಿಕ್ಕಿಹಾಕಿಕೊಂಡ ಗಂಡ ಇಬ್ಬರಿಗೂ "ಚೆನ್ನಾಗಿದೆ" ಎಂದು ಹೇಳಿ ಲಿಫ್ಟುಗಳ ಕಡೆ ಓಡುತ್ತಿದ್ದ.

ಚಳಿಗಾಲ ಮುಗಿಯುತ್ತಾ ಬಂದಾಗ ಒಂದು ಬೆಳಗ್ಗೆ ಈರುಳ್ಳಿ ಹುರಿಯುತ್ತಿದ್ದ ಸೂಪಕ್ಕನಿಗೆ ಥಟ್ಟನೆ ರಬ್ಬರು ಸುಟ್ಟ ನಾತ ಬಡಿಯಿತು. ಏನೋ ಹೊತ್ತಿಕೊಂಡಿದೆ ಎಂದು ವೈರು, ಪ್ಲಗ್ಗು, ಒಲೆಯ ಪೈಪು ಎಲ್ಲ ತಡಕಾಡಿದಳು. ನಾದಿನಿಗೆ ಬರೀ ಈರುಳ್ಳಿಯ ಘಮ. ಡಾಕ್ಟರು ಕೇಳಿ ಖುಷಿಪಟ್ಟರು. ನರ ಚಿಗುರುವಾಗ ಹೀಗೆ ತಪ್ಪುತಪ್ಪಾಗಿ ತಿಳಿಯುವುದುಂಟು, ಒಳ್ಳೆಯ ಲಕ್ಷಣ ಎಂದರು. ಒಳ್ಳೆಯ ಲಕ್ಷಣವನ್ನು ಸಹಿಸಿಕೊಳ್ಳುವುದು ಸುಲಭವಿರಲಿಲ್ಲ. ಕಾಫಿ ಚರಂಡಿಯಂತೆ, ಬಾದಾಮಿ ಸೀಮೆಎಣ್ಣೆಯಂತೆ ನಾರುತ್ತಿತ್ತು. ಮೊದಲಾದರೆ ಮೂಗು ಏನೂ ಹೇಳುತ್ತಿರಲಿಲ್ಲ; ಈಗ ಬಾಯಿತುಂಬ ಸುಳ್ಳು ಹೇಳುತ್ತಿತ್ತು. ಅವಳ ತೂಕ ಎರಡು ಕೆಜಿ ಇಳಿಯಿತು.

ಅದೇ ವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಗಡಿಯಾರದ ಮುದುಕ. ಕೋಲು ಊರಿಕೊಂಡು ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

"ಮಗಳಿಗೆ ಹೇಳಿಲ್ಲ, ವಾಕಿಂಗ್ ಅಂತ ಬಂದೆ. ಸೂಪು ಇದೆಯಾ?"

"ಬೇಡಿ, ದಮ್ಮಯ್ಯ" ಎಂದಳು ಸೂಪಕ್ಕ. "ನನಗೆ ಧೈರ್ಯ ಇಲ್ಲ."

"ಧೈರ್ಯ ನನಗಿದೆ. ಕುಡಿಯೋನು ನಾನಲ್ವಾ?"

ಅಂದು ಬೆಳಗ್ಗೆಯೇ ಮಾಡಿದ ಸೂಪಿತ್ತು. ನಾದಿನಿ ಎರಡು ಸಲ ಮೂಸಿ, ಒಂದು ಚಮಚ ಕುಡಿದು, ತಲೆಯಾಡಿಸಿದಳು. ಸೂಪಕ್ಕ ಮತ್ತೊಮ್ಮೆ ಮೂಸಲು ಹೇಳಿದಳು. ಮುದುಕ ಮೇಜಿನ ಮುಂದೆ ಕೂತು ಬ್ರೆಡ್ಡು ಮುರಿದು ಅದ್ದಿಕೊಂಡು ಆರಾಮಾಗಿ ಕುಡಿದರು, ಎರಡನೆಯ ಬಟ್ಟಲನ್ನೂ ಕೇಳಿದರು. ಸೂಪಕ್ಕ ಎದುರಿಗೆ ನಿಂತು ಅವರ ಗಂಟಲನ್ನೇ ನೋಡುತ್ತಿದ್ದಳು. ಹೋಗುವಾಗ ಮುದುಕ, "ಉಪ್ಪು ಒಂಚೂರು ಕಮ್ಮಿ" ಎಂದರು. ಅವಳ ಜೀವಕ್ಕೆ ತುಸು ತಂಪಾಯಿತು.

ಆದರೂ ಮರುದಿನ ಬೆಳಗ್ಗೆ ಫೋನು ಬಡಿದುಕೊಂಡಾಗ ಅವಳ ಕಾಲು ನೆಲಕ್ಕೆ ಅಂಟಿಹೋಯಿತು. ನಾದಿನಿ ಎತ್ತಿಕೊಂಡಳು.

"ಹಲೋ... ಹ್ಞೂ... ಹೌದು, ಇಲ್ಲಿಗೇ ಬಂದಿದ್ರು... ಹ್ಞೂ... ಎಷ್ಟು ಹೊತ್ತಿಗೆ?... ಓ... ಓಹೋ..."

ಸೂಪಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ಏನಂತೆ? ವಾಂತಿನಾ? ಆಸ್ಪತ್ರೆಗೆ ಸೇರಿಸಿದಾರಾ?"

ನಾದಿನಿ ರಿಸೀವರಿಗೆ ಕೈ ಅಡ್ಡ ಹಿಡಿದಳು. "ಮಗಳಿಗೆ ಸಿಟ್ಟು ಬಂದಿದೆ. ಮೂರು ಮಹಡಿ ಯಾಕೆ ಹತ್ತಿಸಿದ್ರಿ ಅಂತ. ಸೂಪನ್ನ ಇನ್ನು ಅವಳೇ ಬಂದು ತಗೊಂಡು ಹೋಗ್ತಾಳಂತೆ. ಏನು ಹೇಳಲಿ?"

ಸೂಪಕ್ಕ ಕುರ್ಚಿಯ ಮೇಲೆ ಕುಸಿದು ಕೂತು, ಹೂಂ ಎನ್ನುವಂತೆ ಕೈಯಾಡಿಸಿದಳು.

ಇದಾಗಿ ಎರಡು ಚಳಿಗಾಲ ಕಳೆದಿವೆ. ಬಿಟ್ಟುಹೋದ ಏಳು ಮನೆಗಳಲ್ಲಿ ನಾಲ್ಕು ಮರಳಿ ಬಂದವು, ಮೂರು ಬರಲಿಲ್ಲ. ಸೂಪಕ್ಕನಿಗೆ ಕಿತ್ತಳೆ ಪೂರ್ತಿ ತಿಳಿಯುತ್ತದೆ, ಹಾಲು ಕೆಟ್ಟದ್ದು ಸುಮಾರಾಗಿ ತಿಳಿಯುತ್ತದೆ, ಜಾಯಿಕಾಯಿ ಇಂದಿಗೂ ಇಲ್ಲ. ಬಂದದ್ದನ್ನೂ ಅವಳು ನಂಬುವುದಿಲ್ಲ. ಹೊಸದಾಗಿ ಊಟ ಕೇಳಿಕೊಂಡು ಬರುವವರಿಗೆ ಬಾಗಿಲಲ್ಲೇ ನಿಲ್ಲಿಸಿ ವಿಷಯ ಹೇಳುತ್ತಾಳೆ. ಅರ್ಧ ಜನ ಅಲ್ಲಿಂದಲೇ ತಿರುಗಿಹೋಗುತ್ತಾರೆ.

ಈ ಚಳಿಗಾಲದ ಮೊದಲ ವಾರ ನಾದಿನಿ ಸಾಲಾಗಿ ಮೂರು ಸಲ ಸೀನಿದಳು. ಸೂಪಕ್ಕ ಕುದಿಯುತ್ತಿದ್ದ ಪಾತ್ರೆಯ ಕೆಳಗಿನ ಉರಿ ಆರಿಸಿ, ಕೈ ಒರೆಸಿಕೊಂಡು ಬಂದು ಅವಳ ಹಣೆ ಮುಟ್ಟಿ ನೋಡಿದಳು.

"ಬರೀ ಧೂಳು ಅತ್ತಿಗೆ" ಎಂದಳು ನಾದಿನಿ, ಮೂಗು ಸೊರಗುಟ್ಟಿಸುತ್ತಾ.

"ಕಾಫಿಪುಡಿ ಡಬ್ಬಿ ತರ್ತೀನಿ, ಮೂಸಿ ಹೇಳು" ಎಂದಳು ಸೂಪಕ್ಕ. ಗಂಡನನ್ನು ಕರೆದು, ಎಲ್ಲ ಮನೆಗೂ ಫೋನು ಮಾಡಲು ಹೇಳಿದಳು: ಇವತ್ತು ಊಟ ಇಲ್ಲ, ನಾಳೆಯದು ನಾಳೆ ತಿಳಿಸುತ್ತೇವೆ.